ಶೇಕಡಾ ಇಪ್ಪತ್ತರ ನೆಮ್ಮದಿ

ಡಲ್ಲಾಸಿನ ನಮ್ಮ ಕನ್ನಡ ಬಳಗದ ಗೆಳತಿಯೊಬ್ಬರ ವಿಚ್ಛೇದನದ ವಿಚಾರಣೆಗೆ ಜೊತೆಯಾಗಿ ಹೋಗಿದ್ದೆ. ಮಗುವಿನ ಪಾಲನೆಯ ಹಣಕ್ಕೆ ದೊಡ್ಡ ಜಟಾಪಟಿಯೇ ನಡೆಯುತ್ತದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಕುಳಿತಿದ್ದವನಿಗೆ, ತಂದೆಯ ಸಂಬಳದ ಚೀಟಿ ನೋಡಿ, ತೆರಿಗೆ ಮತ್ತು ಮಗುವಿನ ಆರೋಗ್ಯ ವಿಮೆಯ ಕಂತು ಕಳೆದು, ಉಳಿದ 6,000 ಡಾಲರಿಗೆ ಶೇ. 20ರಂತೆ ತಿಂಗಳಿಗೆ 1,200 ಎಂದು ಬರೆದು ಮುಗಿಸಿದ್ದು ಕಂಡು ಬೆರಗಾಯಿತು. ಟೆಕ್ಸಸ್ಸಿನ ಕಾನೂನಿನಲ್ಲಿ ಒಂದು ಮಗುವಿಗೆ ಶೇ. 20, ಇಬ್ಬರಿಗೆ 25, ಮೂವರಿಗೆ 30. ನ್ಯಾಯಾಧೀಶರು ಇದನ್ನು ಮೀರಬಹುದು, ಆದರೆ ಕಾರಣವನ್ನು ದಾಖಲಿಸಬೇಕು. ಹಣವನ್ನು ಉದ್ಯೋಗದಾತರೇ ಸಂಬಳದಿಂದ ಹಿಡಿದು ಕಳುಹಿಸುತ್ತಾರೆ. ಯಾರೂ ಯಾರ ಬಾಗಿಲಿಗೂ ಹೋಗಬೇಕಿಲ್ಲ.

ನನಗೆ ನೆನಪಾದದ್ದು ಊರಿನಲ್ಲಿರುವ ಚಿಕ್ಕಮ್ಮನ ಮಗಳು. ವಾಯಿದೆಯ ಮೇಲೆ ವಾಯಿದೆ ಬಿದ್ದು ಕೊನೆಗೊಮ್ಮೆ ಕಟಕಟೆ ಹತ್ತಿದಾಗ, ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಏಕೆ, ಭರತನಾಟ್ಯ ಕಲಿಸಲೇಬೇಕೆ ಎಂದು ಎದುರು ವಕೀಲರು ಪಾಟೀಸವಾಲಿನಲ್ಲಿ ಕೇಳಿದರಂತೆ. ಹೆತ್ತವಳು ತುಂಬಿದ ಸಭಾಂಗಣದಲ್ಲಿ ಹಾಲಿನ ಲೆಕ್ಕ ಒಪ್ಪಿಸಬೇಕೆ? ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದ ಮಟ್ಟಿಗೆ 60 ದಿನಗಳಲ್ಲಿ ಮುಗಿಸಬೇಕೆಂದು ಕಾನೂನೇ ಹೇಳುತ್ತದೆ. ಆ 'ಸಾಧ್ಯವಾದ ಮಟ್ಟಿಗೆ' ಎಂಬಲ್ಲಿಯೇ ವರ್ಷಗಳು ಉರುಳುತ್ತವೆ. ಹೆಂಡತಿಗೆ ಗಂಡನ ನಿವ್ವಳ ಸಂಬಳದ ಶೇ. 25 ನ್ಯಾಯಯುತವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಒಂದು ಪ್ರಕರಣದಲ್ಲಿ ಹೇಳಿತ್ತು. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ, ಇಬ್ಬರೂ ಆಸ್ತಿ ಮತ್ತು ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು ಎಂದಿತು. ಇಷ್ಟು ದೂರ ಬಂದವರು ಮಕ್ಕಳಿಗಾಗಿ ಒಂದು ಕೋಷ್ಟಕ ಬರೆಯಲು ಏಕೆ ಹಿಂಜರಿಯಬೇಕೆಂಬುದು ನನಗೆ ಅರ್ಥವಾಗುವುದಿಲ್ಲ.

ಟೆಕ್ಸಸ್ಸಿನ ಲೆಕ್ಕದಲ್ಲಿಯೂ ಕೊರತೆಯುಂಟು ಎಂಬುದನ್ನು ಹೇಳಲೇಬೇಕು. ತಾಯಿ ತಂದೆಗಿಂತ ಹೆಚ್ಚು ದುಡಿದರೂ ಕೋಷ್ಟಕದ ಅಂಕಿ ಕದಲುವುದಿಲ್ಲ. ಇಲಿನಾಯ್ ರಾಜ್ಯ 2017ರಲ್ಲಿ ಇಂಥ ಪದ್ಧತಿಯನ್ನು ಬಿಟ್ಟು ಇಬ್ಬರ ಆದಾಯವನ್ನೂ ಕೂಡಿಸಿ ಲೆಕ್ಕ ಹಾಕತೊಡಗಿತು. ಟೆಕ್ಸಸ್ಸಿನಲ್ಲಿ 2025ರ ಸೆಪ್ಟೆಂಬರಿನಿಂದ ತಿಂಗಳಿಗೆ 11,700 ಡಾಲರಿನವರೆಗಿನ ನಿವ್ವಳ ಆದಾಯಕ್ಕೆ ಮಾತ್ರ ಈ ಶೇಕಡಾವಾರು ಅನ್ವಯ. ಅದರಾಚೆ ಕೇಳಬೇಕಾದರೆ ಮಗುವಿನ ಅಗತ್ಯವನ್ನು ರುಜುವಾತುಪಡಿಸಬೇಕು, ಅಂದರೆ ಇಲ್ಲಿಯೂ ರಸೀದಿಗಳೇ.

ಇನ್ನು ಊರಿನ ಆ ತಂಗಿಯ ಗಂಡನಿಗೆ ಸಂಬಳದ ಚೀಟಿಯೇ ಇಲ್ಲ. ಅಡಿಕೆ ತೋಟ ಅವಳ ಮಾವನ ಹೆಸರಿನಲ್ಲಿದೆ, ಮಂಡಿಯ ಹಣವೂ ಅವರ ಖಾತೆಗೇ ಬೀಳುತ್ತದೆ. ಶೇ. 20 ಎಂದರೆ ಯಾವುದರ ಶೇ. 20? ತೋಟವನ್ನು ನಿಜವಾಗಿ ನೋಡಿಕೊಳ್ಳುವವನು, ಮಂಡಿಯ ಪಟ್ಟಿಗೆ ಸಹಿ ಹಾಕುವವನು ಮಗನೇ ಎಂಬುದು ಹೊರಬಿದ್ದದ್ದು, ನಾನು ಬೈದುಕೊಂಡ ಅದೇ ಪಾಟೀಸವಾಲು ಅವನ ಸರದಿಗೆ ಬಂದ ದಿನ.