ಸತ್ಯಾಂಶ: ಎಂಸಿಬಿ ದೊಡ್ಡದು ಹಾಕಿದರೆ ವೆಲ್ಡಿಂಗ್ ಸಲೀಸಾ?

"ವೆಲ್ಡಿಂಗ್ ಶುರು ಮಾಡಿದ ಕೂಡಲೇ ಎಂಸಿಬಿ ಬೀಳುತ್ತಾ? 20 ತೆಗೆದು 40 ಆಂಪ್ಸ್ ಹಾಕಿ, ಅಷ್ಟೇ." ಮೂಡಿಗೆರೆ, ಸಕಲೇಶಪುರ ಕಡೆ ತೋಟದ ಶೆಡ್ಡಿನಲ್ಲಿ ಗೇಟು, ಏಣಿ ಬೆಸೆಯುವವರ ವಾಟ್ಸಾಪ್‌ಗೆ ಬರುವ ಸಲಹೆ ಇದು.

ತಪ್ಪು ಸಲಹೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್. ಅದು ಕಾಯುವುದು ಮೆಷಿನ್ನನ್ನಲ್ಲ, ಗೋಡೆಯೊಳಗಿನ ವೈರನ್ನು. ಪೈಪಿನಲ್ಲಿ ಎಳೆದ 2.5 ಚದರ ಮಿ.ಮೀ. ತಾಮ್ರದ ವೈರ್ ಸುಮಾರು 20 ಆಂಪ್ಸ್‌ಗೆ ಸರಿ. 40ರ ಎಂಸಿಬಿ ಹಾಕಿದರೆ ವೈರಿನ ಪಿವಿಸಿ ಮೆತ್ತಗಾಗುತ್ತಿದ್ದರೂ ಅದು ಸುಮ್ನೆ ನೋಡುತ್ತಾ ಕೂತಿರುತ್ತದೆ.

ವೆಲ್ಡಿಂಗ್ ಮೆಷಿನ್ ಮೇಲೆ ಬರೆದಿರುವ 200 ಆಂಪ್ಸ್ ವೆಲ್ಡಿಂಗ್ ರಾಡಿನ ತುದಿಯ ಲೆಕ್ಕ. ಅಲ್ಲಿ ವೋಲ್ಟೇಜ್ ಬರೀ 28ರ ಆಸುಪಾಸು. ಗುಣಿಸಿದರೆ 5,600 ವ್ಯಾಟ್. 230 ವೋಲ್ಟ್ ಕಡೆಯಿಂದ ಅದು 24 ಆಂಪ್ಸ್, ಮೆಷಿನ್ನಿನ ನಷ್ಟ ಸೇರಿದರೆ 30 ದಾಟುತ್ತದೆ. ಹಿಂದಿನ ಪ್ಲೇಟಿನಲ್ಲಿ ಬರೆದ ಇನ್‌ಪುಟ್ ಆಂಪ್ಸ್ ನೋಡಿಯೇ ವೈರ್ ಆರಿಸಿ. ಇಂಥ ಮೆಷಿನ್ನಿಗೆ 6 ಚದರ ಮಿ.ಮೀ.ಗಿಂತ ಕಡಿಮೆ ಬೇಡ.

ಶೆಡ್ಡು ಕಾಫಿ ಕಣದ ಆಚೆ ಇದೆಯಾ? ದೂರ ಹೆಚ್ಚಾದಷ್ಟೂ ವೋಲ್ಟೇಜ್ ಇಳಿಯುತ್ತದೆ, ರಾಡ್ ಅಂಟಿಕೊಳ್ಳುತ್ತದೆ. ಆಗ ವೈರ್ ಇನ್ನೊಂದು ಸೈಜ್ ಜಾಸ್ತಿ ಹಾಕಿ.

ಸ್ವಿಚ್ ಒತ್ತಿದ ಕ್ಷಣಕ್ಕೇ ಬೀಳುತ್ತಿದ್ದರೆ ಬಿ ಟೈಪ್ ಬದಲು ಅಷ್ಟೇ ಆಂಪ್ಸ್‌ನ ಸಿ ಟೈಪ್ (ಶುರುವಿನ ಕ್ಷಣದ ಕರೆಂಟ್ ಜಿಗಿತವನ್ನು ಹೆಚ್ಚು ತಾಳುವ) ಎಂಸಿಬಿ ಸಾಕಾಗಬಹುದು. ಎಲೆಕ್ಟ್ರೀಷಿಯನ್‌ಗೆ ಕೇಳಿ.