ಹದಿಮೂರು ವರ್ಷಕ್ಕೆ ಮೂರೂವರೆ ಪ್ಯಾಂಟು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಯೂನಿಟ್ಟಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೂವತ್ತು ಮಷಿನ್, ಒಬ್ಬ ಕಟಿಂಗ್ ಮಾಸ್ಟರ್, ಆಗಾಗ ಕೆಮ್ಮುವ ಒಂದು ಜನರೇಟರ್. ದಿನಕ್ಕೆ 250 ಪ್ಯಾಂಟು ಹೊರಬೀಳುತ್ತವೆ. ಹೋದ ವರ್ಷದವರೆಗೆ ನಮ್ಮಲ್ಲಿ ಗುಣಮಟ್ಟ ಇರಲಿಲ್ಲ. ಪ್ಯಾಂಟು ಚೆನ್ನಾಗಿರುತ್ತಿದ್ದವು, ಅಷ್ಟೇ.

ಆಮೇಲೆ ನಮ್ಮ ಮಾಲೀಕರು ಯಾವುದೋ ಹೋಟೆಲಿನಲ್ಲಿ ನಡೆದ ಒಂದು ದಿನದ ಕಾರ್ಯಾಗಾರಕ್ಕೆ ಹೋಗಿಬಂದರು. ಊಟ ಭಾರಿ ಚೆನ್ನಾಗಿತ್ತಂತೆ. ವಾರದೊಳಗೆ ಸಲಹೆಗಾರರೊಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದಿಳಿದರು. ಹುಡುಗರು ಅವತ್ತೇ ಅವರಿಗೆ ‘ಕ್ವಾಲಿಟಿ ಸಾರ್’ ಎಂದು ಹೆಸರಿಟ್ಟರು.

ಏಪ್ರಿಲ್ ತಿಂಗಳು, ತಲೆ ಮೇಲೆ ತಗಡಿನ ಶೀಟು. ಮಷಿನ್ ನಿಲ್ಲಿಸಿ ಎಲ್ಲರನ್ನೂ ಕೂರಿಸಿದರು. ಮೊದಲ ಸ್ಲೈಡು ಸಿಕ್ಸ್ ಸಿಗ್ಮಾ. 1986ರಲ್ಲಿ ಮೊಟೊರೋಲಾ ಕಂಪನಿಯಲ್ಲಿ ಹುಟ್ಟಿದ್ದು, ಹತ್ತು ಲಕ್ಷ ಅವಕಾಶಕ್ಕೆ 3.4 ತಪ್ಪು ಮಾತ್ರ ಇರಬೇಕು ಎಂದರು. ಅವಕಾಶ ಅಂದರೆ ಏನೆಂದು ಯಾರಿಗೂ ತಿಳಿಯಲಿಲ್ಲ. ನಾನು ಪ್ಯಾಂಟು ಎಂದೇ ಇಟ್ಟುಕೊಂಡು ಲೆಕ್ಕ ಹಾಕಿದೆ. ದಿನಕ್ಕೆ 250, ವರ್ಷಕ್ಕೆ 300 ದಿನ, ಒಟ್ಟು 75,000. ಹತ್ತು ಲಕ್ಷ ಮುಟ್ಟಲು ಹದಿಮೂರು ವರ್ಷ ಚಿಲ್ಲರೆ. ಈಗ ಒಂದನೇ ಕ್ಲಾಸಿನಲ್ಲಿರುವ ನನ್ನ ಮಗಳು ಕಾಲೇಜು ಸೇರುವ ಹೊತ್ತಿಗೆ ನಾವೆಲ್ಲ ಸೇರಿ ಮೂರೂವರೆ ಪ್ಯಾಂಟು ಕೆಡಿಸಬಹುದು.

ಬೆಲ್ಟ್ ಲೂಪ್ ಹೊಲಿಯುವ ಹುಡುಗ ಎದ್ದು ನಿಂತ. “ಸಾರ್, ಅರ್ಧ ಪ್ಯಾಂಟು ಅಂದ್ರೆ ಹೆಂಗೆ? ಒಂದು ಕಾಲು ಕೆಟ್ಟು ಇನ್ನೊಂದು ಸರಿ ಇರ್ಬೇಕಾ?”

ಸಾರ್ ಮುಂದಿನ ಸ್ಲೈಡಿಗೆ ಹೋದರು. ಅವತ್ತು ಬೆಳಗ್ಗೆ ತಾನೇ ಆ ಹುಡುಗ ಇಪ್ಪತ್ತು ಪ್ಯಾಂಟಿಗೆ ಹಿಂದಿನ ಲೂಪ್ ಹಾಕುವುದನ್ನೇ ಮರೆತಿದ್ದ. ಸಾರ್ ಲೆಕ್ಕದಲ್ಲಿ ಅದು ಎಪ್ಪತ್ತೆಂಟು ವರ್ಷದ ಕೋಟಾ. ಹತ್ತು ಗಂಟೆಯೊಳಗೆ ಖಾಲಿ!

ಆಮೇಲೆ ಬಂತು ಹಳದಿ ಟೇಪು. ‘ಸೇರಿ’, ‘ಸೇಟೊನ್’, ‘ಸೇಸೊ’, ಅಂದರೆ ಬೇಡದ್ದು ತೆಗೆ, ಜಾಗದಲ್ಲಿಡು, ಗುಡಿಸು ಎಂದು ಶುರುವಾಗುವ ಜಪಾನಿನ ಐದು ‘ಎಸ್’ಗಳ ಪದ್ಧತಿ. ಮಷಿನ್ ಸುತ್ತ ಹಳದಿ ಗೆರೆ, ನೀರಿನ ಕ್ಯಾನ್ ಸುತ್ತ ಹಳದಿ ಗೆರೆ, ನನ್ನ ಕುರ್ಚಿ ಸುತ್ತಲೂ ಹಳದಿ ಗೆರೆ. ಮಾಸ್ಟರ್ ಕತ್ತರಿ ಇಪ್ಪತ್ತು ವರ್ಷದಿಂದ ಅವರ ತೊಡೆ ಪಕ್ಕದಲ್ಲೇ ಇರುತ್ತಿತ್ತು. ಈಗ ಅದು ಆಚೆ ಗೋಡೆಯ ಬೋರ್ಡಿನಲ್ಲಿ, ಕತ್ತರಿ ಚಿತ್ರದ ಮೇಲೆ ನೇತಾಡುತ್ತದೆ. ಓಡಾಟ ಕಡಿಮೆ ಮಾಡಲು ಮಾಡಿದ ವ್ಯವಸ್ಥೆಯಂತೆ. ನಿಜ ಹೇಳಬೇಕೆಂದರೆ ಸೂಜಿ ಡಬ್ಬಿ ಹುಡುಕುವ ಕಾಟ ತಪ್ಪಿತು. ಅಷ್ಟಕ್ಕೆ ಒಂದು ‘ಎಸ್’ ಸಾಕಿತ್ತು.

ಬೆಲ್ಲಿನ ಕತೆ ಬೇರೆ. ಜಪಾನಿನ ಸಕಿಚಿ ಟೊಯೋಡ 1924ರಲ್ಲಿ ಒಂದು ಮಗ್ಗ ಮಾಡಿದರು, ನೂಲು ಕಡಿದರೆ ಅದು ತಾನೇ ನಿಲ್ಲುತ್ತಿತ್ತು. ಆ ಬುದ್ಧಿಯೇ ಮುಂದೆ ಟೊಯೋಟಾ ಕಾರಿನ ಫ್ಯಾಕ್ಟರಿಗೆ ಹೋಯಿತು. ತಪ್ಪು ಕಂಡ ಕೆಲಸಗಾರ ಹಗ್ಗ ಎಳೆಯಬಹುದು, ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಬಟ್ಟೆಯವರ ಬುದ್ಧಿ ಕಾರಿನವರಿಗೆ ಹೋಗಿದೆ ಎಂದು ಕೇಳಿ ನಮಗೂ ಖುಷಿಯಾಯಿತು. ನಮ್ಮಲ್ಲೂ ಸಾಲಿಗೊಂದು ಬೆಲ್ ಹಾಕಿದರು. ಮೊದಲ ದಿನವೇ ಓವರ್‌ಲಾಕ್ ಮಾಡುವ ಅಕ್ಕ ಒಬ್ಬರು ದಾರ ಸಡಿಲ ಬರುತ್ತಿದೆ ಎಂದು ಒತ್ತಿದರು. ಹನ್ನೊಂದು ಜನ ಕಾಲು ಗಂಟೆ ಕೈಕಟ್ಟಿ ಕೂತರು.

ನಮ್ಮಲ್ಲಿ ಕೂಲಿ ಪೀಸ್ ಲೆಕ್ಕ. ಶನಿವಾರ ಬಟವಾಡೆಯಲ್ಲಿ ಹನ್ನೊಂದು ಜನರಿಗೂ ಪೀಸ್ ಕಡಿಮೆ ಬಿತ್ತು. ಸೋಮವಾರ ಉಗ್ಗಾಣಿ ಮಿರ್ಚಿ ತಿನ್ನುವಾಗ ಆ ಅಕ್ಕನ ಪಕ್ಕ ಯಾರೂ ಕೂರಲಿಲ್ಲ. ಟೊಯೋಟಾದಲ್ಲಿ ಸಾಲು ನಿಂತರೂ ಸಂಬಳ ನಿಲ್ಲುವುದಿಲ್ಲ ಎಂಬ ಸಾಲು ಸ್ಲೈಡಿನಲ್ಲಿ ಇರಲಿಲ್ಲ. ಅವತ್ತಿನಿಂದ ಬೆಲ್ ಸದ್ದಿಲ್ಲ. ಸಾರ್ ವರದಿ ಬರೆದರು: ಮೂರು ತಿಂಗಳಿಂದ ಬೆಲ್ ಬಾರಿಸಿಲ್ಲ, ದೋಷ ಸೊನ್ನೆ.

ಸಲಹೆ ಕೊಡಲು ಎರಡು ಪುಟದ ಫಾರ್ಮು ಬಂತು. ಮಾಸ್ಟರ್ ಒಂದೇ ಸಲಹೆ ಕೊಟ್ಟರು: ಅಳತೆ ಟೇಪುಗಳು ಎಳೆದು ಎಳೆದು ಉದ್ದ ಆಗಿವೆ, ಹೊಸದು ತರಿಸಿ. ಫಾರ್ಮಿನಲ್ಲಿ ‘ವಾರ್ಷಿಕ ಉಳಿತಾಯ, ರೂಪಾಯಿಗಳಲ್ಲಿ’ ಎಂಬ ಜಾಗ ಖಾಲಿ ಬಿಟ್ಟಿದ್ದರಿಂದ ತಿರಸ್ಕಾರ ಆಯಿತು. ಅಮೆರಿಕದ ರೀನೋದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ಒಬ್ಬ ಹೆಂಗಸು ಗಂಡನ ಪ್ಯಾಂಟು ಬೇಗ ಹರಿಯುತ್ತದೆ, ಗಟ್ಟಿಯಾಗಿ ಹೊಲಿದುಕೊಡು ಎಂದಿದ್ದಕ್ಕೆ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಬಡಿದ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಜೀನ್ಸ್ ಹುಟ್ಟಿದ್ದು ಹಾಗೆ. ಬಳ್ಳಾರಿಯಲ್ಲಿದ್ದಿದ್ದರೆ ಅವನೂ ವಾರ್ಷಿಕ ಉಳಿತಾಯ ಬರೆಯಬೇಕಿತ್ತು.

ಕೊನೆಗೆ ಐಎಸ್‌ಒ 9001, ಗುಣಮಟ್ಟ ಕಾಯುವ ಪದ್ಧತಿಗೆ ಲೋಕವೆಲ್ಲ ಬಳಸುವ ನಿಯಮ. ಜಿನೀವಾದ ಐಎಸ್‌ಒ ಸಂಸ್ಥೆ ನಿಯಮ ಬರೆಯುತ್ತದೆ, ಸರ್ಟಿಫಿಕೇಟು ಕೊಡುವವರು ಬೇರೆ. 2015ರ ಆವೃತ್ತಿಯಲ್ಲಂತೂ ಗುಣಮಟ್ಟದ ಕೈಪಿಡಿ ಕಡ್ಡಾಯವೇ ಅಲ್ಲ. ಆದರೂ ನಮಗೆ 140 ಪುಟದ ಕೈಪಿಡಿ ತಯಾರಾಯಿತು. 63ನೇ ಪುಟದಲ್ಲಿ, ಪ್ಯಾಕ್ ಮಾಡುವ ಮುಂಚೆ ಮಾಲು ಗರಿಗರಿಯಾಗಿದೆಯೇ ನೋಡಬೇಕು ಎಂದಿದೆ. ನಮಗಿಂತ ಮುಂಚೆ ಆ ಕೈಪಿಡಿ ಯಾವುದೋ ಬಿಸ್ಕೆಟ್ ಫ್ಯಾಕ್ಟರಿಯಲ್ಲಿ ಇದ್ದಿರಬೇಕು. ಆಡಿಟ್‌ಗೆ ಎರಡು ರಾತ್ರಿ ಮುಂಚೆ ಇಡೀ ವರ್ಷದ ರಿಜಿಸ್ಟರು ಬರೆದವನು ನಾನೇ. ಅನುಮಾನ ಬರಬಾರದೆಂದು ಮೂರು ಪೆನ್ನು ಬಳಸಿದೆ. ಫೆಬ್ರವರಿ ಪುಟದ ಮೇಲೆ ಸ್ವಲ್ಪ ಚಹಾ ಚೆಲ್ಲಿದೆ. ಸರ್ಟಿಫಿಕೇಟು ಬಂತು. ಗೋಡೆ ಮೇಲೆ ಬೇರೆ ಜಾಗ ಇರಲಿಲ್ಲ, ಹಾಳಾದ ಎಕ್ಸಾಸ್ಟ್ ಫ್ಯಾನು ತೆಗೆದು ಅಲ್ಲೇ ತೂಗುಹಾಕಿದೆವು.

ಮಾಸ್ಟರಿಗೆ ಒಂದು ಅಭ್ಯಾಸ ಇತ್ತು. ಹೊಸ ಥಾನು ಬಂದರೆ ಸೀದಾ ಕತ್ತರಿಸುತ್ತಿರಲಿಲ್ಲ. ಒಂದು ತುಂಡು ತೆಗೆದು, ಅಳತೆಗೆ ಗುರುತು ಹಾಕಿ, ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ ಮತ್ತೆ ಅಳೆಯುವುದು. ಎಷ್ಟು ಕುಗ್ಗಿತೋ ಅಷ್ಟು ಸೇರಿಸಿ ಕಟಿಂಗ್. ನಮ್ಮ ಬಿಸಿಲಿಗೆ ಒಂದು ಗಂಟೆ ಸಾಕು. ಕ್ವಾಲಿಟಿ ಸಾರ್ ಗಡಿಯಾರ ಹಿಡಿದು ನಿಂತು ನೋಡಿದರು. ಕಾಯುವುದು ಟೊಯೋಟಾದವರು ಹೇಳಿದ ಏಳು ವ್ಯರ್ಥಗಳಲ್ಲಿ ಒಂದು, ವ್ಯರ್ಥಕ್ಕೆ ಜಪಾನಿಯಲ್ಲಿ ‘ಮುದಾ’ ಅಂತಾರೆ, ನಿಲ್ಲಿಸಿ ಎಂದರು. ಮಾಸ್ಟರ್ ಏನೂ ಹೇಳಲಿಲ್ಲ. ಎದ್ದುಹೋಗಿ ಆಚೆ ಗೋಡೆಯಿಂದ ಕತ್ತರಿ ತಂದರು.

ಆ ಥಾನಿನ 600 ಪ್ಯಾಂಟು ವಾಷಿಂಗ್‌ನಿಂದ ವಾಪಸ್ ಬಂದಾಗ 32 ಸೊಂಟ 30 ಆಗಿತ್ತು.

ತುರ್ತು ಸಭೆ ಸೇರಿತು. ಐದು ಸಲ ‘ಯಾಕೆ’ ಎಂದು ಕೇಳಿದರೆ ಮೂಲ ಕಾರಣ ಸಿಗುತ್ತದೆ ಎಂದು ಸಾರೇ ಕಲಿಸಿದ್ದರು. ಎರಡನೇ ‘ಯಾಕೆ’ಗೇ ಎಲ್ಲರ ಕಣ್ಣೂ ಸಾರ್ ಕಡೆ ತಿರುಗಿದವು. ಮೂರನೆಯದನ್ನು ಯಾರೂ ಕೇಳಲಿಲ್ಲ. ಸಾರ್ ಸಂಜೆಯೊಳಗೆ ದಾರಿ ಹುಡುಕಿದರು. ಹಿಂದಿನ ಲೇಬಲ್ ತೆಗೆದು ‘ಸ್ಲಿಮ್ ಫಿಟ್’ ಎಂದು ಹೊಸದು ಹೊಲಿಯುವುದು. ದೋಷದ ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ. ಹೊಸ ಉತ್ಪನ್ನಗಳ ರಿಜಿಸ್ಟರಿನಲ್ಲಿ 600 ಬರೆದೆ.

ಈಗ ಮಾಸ್ಟರ್ ಥಾನು ಬಂದಾಗಲೆಲ್ಲ ಒಂದು ತುಂಡನ್ನು ಟಿಫಿನ್ ಕ್ಯಾರಿಯರಿನಲ್ಲಿ ಇಟ್ಟುಕೊಂಡು ಹಿಂದಿನ ನಲ್ಲಿ ಹತ್ತಿರ ಹೋಗುತ್ತಾರೆ. ಮಾಲೀಕರಿಗೆ ಗೊತ್ತು, ಕೇಳುವುದಿಲ್ಲ. ಸಮಯದ ಪಟ್ಟಿಯಲ್ಲಿ ಆ ಒಂದು ಗಂಟೆಗೆ ಕಾಲಂ ಇಲ್ಲ. ಹಾಗಾಗಿ ‘ಚಹಾ’ ಎಂದು ಬರೆಯುತ್ತೇನೆ. ಮೊನ್ನೆ ಸಾರ್ ಪಟ್ಟಿ ನೋಡುತ್ತ ಅದರ ಮೇಲೆ ಕೆಂಪು ಪೆನ್ನಿನಿಂದ ಗುಂಡಗೆ ಗುರುತು ಹಾಕಿದರು.

“ಈ ಮಾಸ್ಟರ್ ಚಹಾ ಜಾಸ್ತಿ ಕುಡೀತಾರೆ ಅಲ್ವಾ? ಬರೋ ತಿಂಗಳು ಇದನ್ನ ಹತ್ತು ನಿಮಿಷಕ್ಕೆ ಇಳಿಸೋಣ.”