ಕತ್ತರಿಗೆ ಸಿಕ್ಕ ಬಿಳಿ ಅಂಚು

ಹೋದ ಸಲ ಮೈಸೂರಿಗೆ ಬಂದಾಗ ಚಿಕ್ಕಪ್ಪನಿಗೆ ಅಂತ ಒಂದು ಚಿತ್ರ ತಂದಿದ್ದೆ. ಸುರುಳಿ ಸುತ್ತಿ, ರಟ್ಟಿನ ಕೊಳವೆಯೊಳಗಿಟ್ಟು, ವಿಮಾನದಲ್ಲಿ ಯಾರೂ ಅದರ ಮೇಲೆ ಪೆಟ್ಟಿಗೆ ಹೇರದ ಹಾಗೆ ಕಾದುಕೊಂಡು ತಂದದ್ದು. ಹಾರ್ಲೆ ಡೇವಿಡ್‌ಸನ್ ಬೈಕಿನ ಚಿತ್ರದ ಪ್ರಿಂಟ್, ಅಂದರೆ ಅಚ್ಚು ಹಾಕಿದ ಪ್ರತಿ. ಅಸಲಿ ಬರೆದವರು ಸ್ಕಾಟ್ ಜೇಕಬ್ಸ್. ನಾಲ್ಕು ದಿನ ಬಿಟ್ಟು ಹೋದರೆ ಚಿಕ್ಕಪ್ಪ ಆಗಲೇ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಚಿತ್ರದ ಸುತ್ತ ಇದ್ದ ಬಿಳಿ ಅಂಚು ಮಾತ್ರ ಇರಲಿಲ್ಲ.

ಕಟ್ಟು ಹಾಕುವ ಅಂಗಡಿಯವನನ್ನು ಕೇಳಿದ್ದಕ್ಕೆ, "ಅಂಚು ಖಾಲಿ ಇತ್ತು ಸಾರ್. ಕೆಳಗಡೆ ಪೆನ್ಸಿಲ್‌ನಲ್ಲಿ ಯಾರೋ ಏನೋ ಗೀಚಿದ್ರು. ನೀಟಾಗಿ ಕಟ್ ಮಾಡ್ಬಿಟ್ಟೆ" ಅಂದ. ಅವನ ಮುಖದಲ್ಲಿ ಒಳ್ಳೆ ಕೆಲಸ ಮಾಡಿದ ಸಂತೋಷವಿತ್ತು. ಗೀಚಿದ್ದು ಕಲಾವಿದನ ಸಹಿ ಮತ್ತು ನಂಬರ್. ಅಮೆರಿಕದಲ್ಲಿ ಇಂಥ ಪ್ರಿಂಟ್‌ಗೆ ಬೆಲೆ ಅಂತ ಇರೋದೇ ಆ ಎರಡು ಗೀಚಿನಿಂದ.

ನಾನಿರೋದು ಅಮೆರಿಕದ ಮಿಲ್ವಾಕಿಯಲ್ಲಿ. 1903ರಲ್ಲಿ ಹಾರ್ಲೆ ಡೇವಿಡ್‌ಸನ್ ಶುರುವಾದ ಊರು. ಇಲ್ಲಿ ಆ ಬೈಕಿಗೊಂದು ಮ್ಯೂಸಿಯಂ ಇದೆ, 2008ರಲ್ಲಿ ತೆರೆದದ್ದು. ಬೇಸಿಗೆ ಬಂತೆಂದರೆ ಅರವತ್ತು ದಾಟಿದವರೂ ಚರ್ಮದ ಕೋಟು ತೊಟ್ಟು ಗುಡುಗಿಕೊಂಡು ಹೋಗುತ್ತಾರೆ. ಜೇಕಬ್ಸ್ ಈ ಜನರ ಚಿತ್ರಕಾರ. ನ್ಯೂಜೆರ್ಸಿ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಬೇರೆಯವರ ಚಿತ್ರ ಮಾರುವ ಗ್ಯಾಲರಿ ನಡೆಸಿದವರು, ಆಮೇಲೆ ತಾವೇ ಕುಂಚ ಹಿಡಿದರು. 1993ರಲ್ಲಿ ಕಂಪನಿಯೇ ಅಧಿಕೃತವಾಗಿ ಲೈಸೆನ್ಸ್ ಕೊಟ್ಟ ಮೊದಲ ಕಲಾವಿದರಾದರು. ಚಿತ್ರ ಬರೆಯೋಕೆ ಲೈಸೆನ್ಸಾ ಅಂತ ನನಗೂ ಮೊದಲು ನಗು ಬಂದಿತ್ತು. ಟ್ಯಾಂಕಿನ ಮೇಲಿನ ಆ ಲಾಂಛನ ಕಂಪನಿಯ ಸೊತ್ತು, ಅದನ್ನು ಅಚ್ಚು ಹಾಕಿ ಮಾರಬೇಕಾದರೆ ಅಪ್ಪಣೆ ಬೇಕು. ನಮ್ಮಲ್ಲಿ ಲಾರಿ ಹಿಂದೆ ರಾಜ್‌ಕುಮಾರ್ ಚಿತ್ರ ಬರೆಯೋಕೆ ಯಾರನ್ನಾದರೂ ಕೇಳ್ತಾರಾ?

ಫೋಟೋ ಥರವೇ ಕಾಣುವ ಈ ಬಗೆಯ ಚಿತ್ರಕ್ಕೆ ಫೋಟೋರಿಯಲಿಸಂ ಅಂತಾರೆ. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಹುಟ್ಟಿದ್ದು. ಫೋಟೋ ತೆಗೆದು, ಅದನ್ನು ಕ್ಯಾನ್ವಾಸಿನ ಮೇಲೆ ಪ್ರೊಜೆಕ್ಟರ್‌ನಲ್ಲಿ ಬಿಟ್ಟೋ ಚೌಕ ಎಳೆದೋ ರೂಪ ಇಳಿಸಿಕೊಂಡು, ಆಮೇಲೆ ತಿಂಗಳುಗಟ್ಟಲೆ ಬಣ್ಣ ಹಚ್ಚೋದು. ಟಾಮ್ ಬ್ಲ್ಯಾಕ್‌ವೆಲ್, ಡೇವಿಡ್ ಪ್ಯಾರಿಶ್ ಅಂಥವರು 1970ರ ದಶಕದಲ್ಲೇ ಹೀಗೆ ಮೋಟರ್‌ಸೈಕಲ್ ಬರೆದರು. "ಫೋಟೋನೇ ಇದ್ದಮೇಲೆ ಇದ್ಯಾಕೆ?" ಅಂತ ಕೇಳೋರು ಆಗಲೂ ಇದ್ದರು, ಈಗಲೂ ಇದ್ದಾರೆ.

ಚಿತ್ರದಲ್ಲಿ ಕ್ರೋಮ್ ಲೇಪದಿಂದ ಹೊಳೆಯುವ ಭಾಗವನ್ನು ಹತ್ತಿರದಿಂದ ನೋಡಿ, ಯಾಕೆ ಅನ್ನೋದು ಗೊತ್ತಾಗುತ್ತೆ. ಬೆಳ್ಳಿ ಬಣ್ಣ ಒಂದು ಚೂರೂ ಇರಲ್ಲ. ಕ್ರೋಮ್‌ಗೆ ತನ್ನದೇ ಬಣ್ಣ ಇಲ್ಲವೆನ್ನುವಷ್ಟು ಕಮ್ಮಿ, ಎದುರಿಗೆ ಏನಿದೆಯೋ ಹೆಚ್ಚುಕಮ್ಮಿ ಅದೇ ಅದರ ಬಣ್ಣ. ಹೆಡ್‌ಲೈಟಿನ ಮೇಲರ್ಧದಲ್ಲಿ ಬಿಳಿಗೆ ತಿರುಗುವ ಆಕಾಶದ ನೀಲಿ. ನಡುವೆ ದೂರದ ಮರಗಳೆಲ್ಲ ಹಿಂಡಿ ಹೋಗಿ ಒಂದು ಕಪ್ಪು ಗೆರೆ. ಅದರ ಕೆಳಗೆ ನೆಲದ ಮಣ್ಣು ಬಣ್ಣ. ಒಂದು ಗೇಣು ದೂರದಿಂದ ಬರೀ ನೀಲಿ, ಕಪ್ಪು, ಕಂದು ಪಟ್ಟಿಗಳು. ನಾಲ್ಕು ಹೆಜ್ಜೆ ಹಿಂದೆ ಹೋದರೆ ಥಳಥಳ ಲೋಹ. ಕ್ಯಾಮೆರಾಗೆ ಇದು ಒಂದು ಕ್ಷಣದ ಕೆಲಸ. ಮನುಷ್ಯನೊಬ್ಬ ಕೂತು ಪ್ರತಿ ಪಟ್ಟಿಯನ್ನೂ ಹೌದೋ ಅಲ್ಲವೋ ಅಂತ ತೂಗಿ ಹಚ್ಚಿದ್ದಾನೆ ಅಂತ ತಿಳಿದ ಮೇಲೆ ನಾವು ನೋಡೋ ರೀತಿನೇ ಬದಲಾಗುತ್ತೆ.

ಅಸಲಿ ಚಿತ್ರ ಕೊಳ್ಳೋಕೆ ನಮ್ಮಂಥವರ ಕೈಲಾಗಲ್ಲ. ಅದಕ್ಕೇ ಪ್ರಿಂಟ್. ಇಷ್ಟೇ ಪ್ರತಿ ಅಂತ ಮೊದಲೇ ಹೇಳಿಬಿಡುತ್ತಾರೆ. ಅಂಚಿನಲ್ಲಿ 45/250 ಅಂತಿದ್ದರೆ, ಒಟ್ಟು ಇನ್ನೂರೈವತ್ತರಲ್ಲಿ ಇದು ನಲವತ್ತೈದನೇದು. ಕಲಾವಿದನ ಪಾಲಿನ ಕೆಲವು ಪ್ರತಿಗಳು ಬೇರೆ, ಅವಕ್ಕೆ ಎ.ಪಿ. ಅಂತ ಗುರುತು. ಪ್ರಿಂಟಿನ ಮೇಲೆ ಕಲಾವಿದ ನಾಲ್ಕು ಕಡೆ ಕೈಯಾರೆ ಕುಂಚ ಆಡಿಸಿದರಂತೂ ಬೆಲೆ ಇನ್ನೂ ಜಾಸ್ತಿ. ನಾನು ತಂದದ್ದು ಬೈಕ್ ಸವಾರನೊಬ್ಬ ತೀರಿಕೊಂಡ ಮೇಲೆ ಅವನ ಮನೆ ಸಾಮಾನು ಮಾರುತ್ತಿದ್ದಾಗ ಸಿಕ್ಕಿದ್ದು. ಜೊತೆಗೊಂದು ಪ್ರಮಾಣಪತ್ರವೂ ಇತ್ತು. ಚಿಕ್ಕಮ್ಮ ಅದನ್ನು ಗ್ಯಾಸ್ ಬುಕ್ಕಿನ ಜೊತೆ ಜೋಪಾನವಾಗಿ ಇಟ್ಟಿದ್ದಾರೆ.

ಈ ನಂಬರಿನ ವಿಷಯದಲ್ಲಿ ನನಗೆ ಒಂದು ತಕರಾರಿದೆ. ಹಿಂದೆ ತಾಮ್ರದ ತಗಡಿನಲ್ಲಿ ಗೀರಿ ಅಚ್ಚು ಹಾಕುವಾಗ ತಗಡು ಸವೆಯುತ್ತಿತ್ತು. ಮೊದಲ ಪ್ರತಿಗಳು ಚುರುಕು, ಕೊನೆಯವು ಮಂಕು. ಹಾಗಾಗಿ ಎಷ್ಟನೇದು ಅನ್ನೋದಕ್ಕೆ ಅರ್ಥ ಇತ್ತು. ಈಗ ಜಿಕ್ಲೇ ಅಂತ ಫ್ರೆಂಚ್ ಹೆಸರಿಟ್ಟು ಮಾರುವುದು ಇಂಕ್‌ಜೆಟ್ ಪ್ರಿಂಟ್. ಒಳ್ಳೆ ಕಾಗದ, ಬೇಗ ಮಾಸದ ಬಣ್ಣ, ಎಲ್ಲಾ ಸರಿ. ಕಂಪ್ಯೂಟರಿನ ಫೈಲ್ ಸವೆಯುತ್ತಾ? ಇನ್ನೂರೈವತ್ತಕ್ಕೆ ನಿಲ್ಲಿಸೋದು ಬರೀ ಮಾತಿನ ಮೇಲೆ. ಆ ಮಾತಿಗೇ ಜನ ದುಡ್ಡು ಕೊಡುತ್ತಾರೆ, ಮತ್ತೆ ಅದನ್ನು ನಂಬುತ್ತಾರೆ ಕೂಡ.

ನಮ್ಮ ಕಡೆ ಲೆಕ್ಕ ತಿರುಗುಮುರುಗು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ್ದು ಚಿತ್ರ ಎಷ್ಟು ಮನೆಗೆ ಹೋದರೆ ಅಷ್ಟು ಒಳ್ಳೇದು ಅಂತ. ಕಲ್ಲಚ್ಚಿನ ಕೆಲಸ ಅದು: ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಕಾಗದವನ್ನು ಮತ್ತೆ ಮತ್ತೆ ಒತ್ತಿ ತೆಗೆದ ಲಕ್ಷ್ಮಿ, ಸರಸ್ವತಿ. ಜಗನ್ಮೋಹನ ಅರಮನೆಗೆ ಹೋಗಿ ಅವರ ಅಸಲಿ ಚಿತ್ರ ನೋಡಿದವರಿಗಿಂತ ದೇವರ ಗೂಡಿನಲ್ಲಿ ಅವರ ಸರಸ್ವತಿಗೆ ಕೈಮುಗಿದವರೇ ಹೆಚ್ಚು. ಕಲಬುರಗಿಯ ಎಸ್.ಎಂ. ಪಂಡಿತರ ಚಿತ್ರಗಳೂ ಕ್ಯಾಲೆಂಡರ್ ಏರಿ ಊರೂರಿಗೆ ಹೋದವು. ವರ್ಷ ಮುಗಿದ ಮೇಲೆ ತಾರೀಕಿನ ಹಾಳೆ ಕಿತ್ತು, ದೇವರಿಗೆ ಕಟ್ಟು ಹಾಕಿಸಿದರು. ಅಷ್ಟರಲ್ಲಿ ಮೂಲೆಯಲ್ಲಿದ್ದ ಬರೆದವರ ಹೆಸರು ಎಷ್ಟೋ ಸಲ ಕತ್ತರಿಗೆ ಸಿಕ್ಕಿತು. ಆ ಅಂಗಡಿಯವನು ನನ್ನ ಪ್ರಿಂಟಿಗೆ ಮಾಡಿದ್ದೂ ಅದನ್ನೇ, ಬೇರೇನಿಲ್ಲ.

ಯಾವ ರೀತಿ ಮೇಲು ಅಂತ ಕೇಳಿದರೆ, ನಂಬರ್ ಅವರೇ ಇಟ್ಟುಕೊಳ್ಳಲಿ, ನನಗೆ ಬೇಡ. ಚಿತ್ರ ಎಲ್ಲರ ಮನೆಯಲ್ಲೂ ಇರಬೇಕು ಅನ್ನೋ ನಮ್ಮ ಹಟವೇ ಸರಿ. ಆದರೆ ಸಹಿಯ ವಿಷಯದಲ್ಲಿ ಅಮೆರಿಕದವರ ಕೈ ಮೇಲೆ. ಆ ಸಾಮಾನು ಮಾರಾಟದಲ್ಲಿ ಗ್ರೀಸ್ ಹತ್ತಿದ ಕೈಯ ಮೆಕ್ಯಾನಿಕ್ ಒಬ್ಬ ನಿಂತು, ಇದು ಜೇಕಬ್ಸ್ ಬರೆದದ್ದು ಅಂತ ದೂರದಿಂದಲೇ ಗುರುತು ಹಿಡಿದ. ನಮ್ಮೂರ ಗ್ಯಾರೇಜಿನ ಗೋಡೆಯಲ್ಲಿರೋ ಆಂಜನೇಯನನ್ನು ಬರೆದವರು ಯಾರು ಅಂತ ಕೇಳಿ ನೋಡಿ. "ಪ್ರಿಂಟ್ ಸಾರ್ ಅದು" ಅಂತಾರೆ.

ಚಿಕ್ಕಪ್ಪನಿಗೆ ಇದ್ಯಾವುದೂ ತಲೆಬಿಸಿಯೇ ಅಲ್ಲ. ಅವರು ಜಾವಾ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾದಲ್ಲಿ ಪ್ಲೇಟಿಂಗ್, ಅಂದರೆ ಲೋಹಕ್ಕೆ ಹೊಳಪಿನ ಲೇಪ ಕೊಡೋ ಕೆಲಸದಲ್ಲಿದ್ದವರು, 1996ರಲ್ಲಿ ಫ್ಯಾಕ್ಟರಿ ಮುಚ್ಚುವ ತನಕ. ಜಾವಾ ಟ್ಯಾಂಕಿನ ಪಕ್ಕದ ಆ ಕ್ರೋಮ್ ಇತ್ತಲ್ಲ, ಅಂಥದ್ದನ್ನು ಎಷ್ಟು ಸಾವಿರ ನೋಡಿದ್ದಾರೋ. ಕನ್ನಡಕ ಹಣೆಗೇರಿಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಇಲ್ಲಿ ನೋಡೋ. ಬರೀ ನಿಕ್ಕಲ್ ಆದ್ರೆ ಹಳದಿ ಹೊಡೆಯುತ್ತೆ. ಮೇಲೆ ಕ್ರೋಮ್ ಕೂತ್ರೇನೇ ಈ ತಣ್ಣನೆ ನೀಲಿ ಬರೋದು. ಆಸಾಮಿ ಸರಿಯಾಗಿ ನೋಡಿದಾನೆ ಕಣೋ. ಏನಂದೆ ಹೆಸರು?"

ಹೇಳಿದೆ. ಅಂಚು ಕತ್ತರಿಸಿದ್ದರಿಂದ ಆ ಹೆಸರೇ ಹೋಯ್ತು ಅಂತಲೂ ಹೇಳಿದೆ. ಆಗಲೇ ಅವರ ಮುಖ ಸಪ್ಪಗಾಗಿದ್ದು. ಮಾರನೇ ದಿನ ಅಂಗಡಿಗೆ ಹೋಗಿ ಆ ತುಂಡು ಕೇಳಿದರಂತೆ. ಕಸಕ್ಕೆ ಹೋಗಿತ್ತು.

ಮಿಲ್ವಾಕಿಗೆ ವಾಪಸ್ ಬಂದ ಮೇಲೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಚಿತ್ರದ ಕಟ್ಟಿನ ಕೆಳಗೆ ಸ್ಟೀಲಿನ ಸಣ್ಣ ಪಟ್ಟಿ. ಪಾತ್ರೆಗೆ ಹೆಸರು ಹಾಕುವವನ ಹತ್ತಿರ ಹೋಗಿ ಬರೆಸಿದ್ದಾರೆ. ಚುಕ್ಕಿ ಚುಕ್ಕಿ ಅಕ್ಷರದಲ್ಲಿ "ಚಿತ್ರ: ಸ್ಕಾಟ್ ಜೇಕಬ್ಸ್, ಅಮೆರಿಕ". ಅದರ ಕೆಳಗೆ, ಮದುವೆ ಪಾತ್ರೆ ಮೇಲೆ ಹಾಕಿಸೋ ಹಾಗೆ, ತಾರೀಕು.